ಕಂಬಳಿಗೆ ಮೈಲಿಗೆಯಿಲ್ಲ

ಊರಿಗೂ ಹೊಲಕ್ಕೂ ನಡುವೆ, ಕುರಿಹಟ್ಟಿಯ ಬೇಲಿಗೆ ಒತ್ತಿಕೊಂಡು ಒಂದು ಮಣ್ಣಿನ ಮನೆ. ಮನೆಯ ಮುಂದೆ ಎದೆಮಟ್ಟದ ಮೋಟುಗೋಡೆ. ಗೋಡೆಯ ಮೇಲೆ ಒಂದು ಕರಿಯ ಕಂಬಳಿ, ಅರ್ಧ ಈಚೆಗೆ, ಅರ್ಧ ಆಚೆಗೆ. ಹುಣಸೆಬೀಜದ ಗಂಜಿ ಕುಡಿದ ಹೊಸ ಕಂಬಳಿ ಅರಿವೆಯಂತೆ ಜೋಲುವುದಿಲ್ಲ. ಗೋಡೆಯ ಏಣನ್ನು ಅಪ್ಪಿ ಸೆಟೆದು ನಿಂತಿದೆ. ಅಂಚಿನುದ್ದಕ್ಕೂ ಎರಡೆಳೆ ಬಿಳಿಯ ಉಣ್ಣೆ, ಎಲ್ಲಿಯೂ ಅಳುಕಿಲ್ಲದ ಗೆರೆ. ನಡುವೆ ಒಂದು ಚಿಟಿಕೆ ಭಂಡಾರ. ಆ ಕರಿಯ ಬಯಲಿನಲ್ಲಿ ಅರಿಸಿನದ ಹಳದಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ. ಗಾಳಿಯಿಲ್ಲ. ಕಂಬಳಿಯ ನೆರಳಿನಲ್ಲಿ ಒಂದು ಕೋಳಿ ಕಣ್ಣು ಅರೆಮುಚ್ಚಿ ಕೂತಿದೆ. ಬಾಗಿಲ ಚೌಕಟ್ಟಿಗೆ ಸಿಕ್ಕಿಸಿದ ಬೇವಿನ ಟೊಂಗೆ ಒಣಗಿದೆ. ಕಂದಿದ ಎಲೆಗಳು ಉದುರುವುದನ್ನು ಮರೆತಂತೆ ಅಲ್ಲಿಯೇ ಇವೆ. ಮಾಘದ ಮಧ್ಯಾಹ್ನ ಎಲ್ಲವನ್ನೂ ಒಂದೇ ಬಿಸಿಲಿನಲ್ಲಿ ಮುಳುಗಿಸಿ ಸುಮ್ಮನಾಗಿದೆ.

ಮೂರು ದಿನಗಳ ಹಿಂದೆ ಆ ಮನೆಯೊಳಗೆ, ಆ ಕಂಬಳಿ ಹೊದ್ದು, ಅಮಸಿದ್ದ ಸತ್ತಿದ್ದ.

ಎರಡನೆಯ ದೊಡ್ಡ ಯುದ್ಧದ ಆರನೆಯ ವರ್ಷವದು. ಅಮಸಿದ್ದ ಬಿಜ್ಜರಗಿಯ ಕಂಬಳಿ ನೇಕಾರ ರೇವಪ್ಪನ ತಂಗಿಯ ಮಗ. ತಾಯಿತಂದೆ ಇಲ್ಲದವನು, ಮುಂಬಯಿಯ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಜ್ವರ ಬಂದಾಗ ಅವನಿಗೆ ನೆನಪಾದದ್ದು ಸೋದರಮಾವನ ಮನೆಯೊಂದೇ. ಬಂದು ಬಿದ್ದ ಮೂರನೆಯ ದಿನ ಅವನ ಹಣೆಯ ಮೇಲೆ ಗುಳ್ಳೆಗಳು ಎದ್ದವು. ಮರುದಿನ ಮುಖ, ತೋಳು, ಅಂಗಾಲು. ರೇವಪ್ಪನ ಹೆಂಡತಿ ಮುದುಕವ್ವ ದೀಪ ಹಿಡಿದು ನೋಡಿ, ಗಂಡನತ್ತ ತಿರುಗಿ, ದೇವಿ ಬಂದಾಳ ಎಂದಷ್ಟೇ ಹೇಳಿದಳು. ಸಿಡುಬು ಎಂಬ ಹೆಸರನ್ನು ಆ ಸೀಮೆಯಲ್ಲಿ ಯಾರೂ ಬಾಯಿಗೆ ತರುತ್ತಿರಲಿಲ್ಲ.

ಗಂಡಹೆಂಡಿರಿಬ್ಬರಿಗೂ ಭಯವಿರಲಿಲ್ಲ. ಚಿಕ್ಕಂದಿನಲ್ಲಿ ಇಬ್ಬರನ್ನೂ ದೇವಿ ಮುಟ್ಟಿ ಬಿಟ್ಟುಹೋಗಿದ್ದಳು. ಮಳೆ ಬಿದ್ದ ಧೂಳಿನ ನೆಲದಂತೆ ಇಬ್ಬರ ಮುಖದ ಮೇಲೂ ಅವಳ ಗುರುತಿತ್ತು. ಒಮ್ಮೆ ಬಂದವಳು ಮತ್ತೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಭಯವಿದ್ದದ್ದು ಊರಿನ ಮಕ್ಕಳಿಗಾಗಿ, ಅದಕ್ಕಿಂತ ಹೆಚ್ಚಾಗಿ ಬೋರವ್ವನಿಗಾಗಿ. ಬೋರವ್ವ ಅವರ ಒಬ್ಬಳೇ ಮಗಳು. ಬಬಲೇಶ್ವರಕ್ಕೆ ಕೊಟ್ಟಿತ್ತು, ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಕರೆತರಲು ಗಾಡಿ ಗೊತ್ತುಮಾಡಿದ್ದ ರೇವಪ್ಪ ಅದನ್ನು ಬಿಡಿಸಿದ. ಮನೆಯ ಹಾದಿಗೆ ಅಡ್ಡವಾಗಿ ಜಾಲಿಯ ಮುಳ್ಳು ಎಳೆದ. ದೇವಿ ಬಂದಾಳ, ಇತ್ತ ಕಾಲಿಡಬ್ಯಾಡ ಎಂದು ಮಗಳಿಗೆ ಹೇಳಿಕಳಿಸಿದ. ತವರಿನ ಬಾಗಿಲು ಕಾಣದೆಯೇ ಅವಳು ಅತ್ತೆಯ ಮನೆಯಲ್ಲಿ ಗಂಡುಮಗುವನ್ನು ಹೆತ್ತಳು.

ಅಮಸಿದ್ದ ಹನ್ನೆರಡನೆಯ ದಿನ ತೀರಿಕೊಂಡ. ಅವನನ್ನು ಮಣ್ಣು ಮಾಡಿದ ಮೇಲೆ ರೇವಪ್ಪ ಶಾಸ್ತ್ರಕ್ಕೆ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಸತ್ತವನು ಉಟ್ಟ ಧೋತರ, ತಲೆಗಿಟ್ಟ ಅರಿವೆಯ ಗಂಟು, ಅವನ ಮೈ ಒರೆಸಿದ ಚಿಂದಿ ಎಲ್ಲವನ್ನೂ ಸುಟ್ಟ. ನೀರು ಕುಡಿದ ಮಗಿ ಒಡೆದ. ನೆಲವನ್ನು ಮೂರು ಸಲ ಸೆಗಣಿಯಿಂದ ಸಾರಿಸಿದರು. ಊರಿನಲ್ಲಿ ಒಂದು ಕೂಸಿಗೂ ಬೇನೆ ತಗಲಲಿಲ್ಲ. ಹಿರಿಯರು ಮುಳ್ಳಿನ ಬೇಲಿಯಾಚೆ ನಿಂತು, ರೇವಪ್ಪ ಊರು ಉಳಿಸಿದ ಎಂದು ಹೇಳಿಹೋದರು. ಜನ್ಮದಲ್ಲಿ ಯಾರೂ ಅವನನ್ನು ಹೊಗಳಿದ್ದಿಲ್ಲ. ಆ ಮಾತನ್ನು ಅವನು ಎರಡು ದಿನ ಯಾರಿಗೂ ಕಾಣದಂತೆ ಮನಸ್ಸಿನಲ್ಲಿ ಚಪ್ಪರಿಸಿದ.

ಉಳಿದದ್ದು ಕಂಬಳಿ.

ಅದನ್ನು ಅವನು ಹುಟ್ಟಲಿರುವ ಮೊಮ್ಮಗುವಿಗೆಂದೇ ನೇಯ್ದಿದ್ದ. ಮೊದಲ ಸಲ ಕತ್ತರಿ ಕಂಡ ಮರಿಗಳ ಉಣ್ಣೆ. ಮುದುಕವ್ವ ಎಳೆಯೆಳೆಯಾಗಿ ನೂತದ್ದು. ಮಗ್ಗದಿಂದ ಇಳಿಸಿದ ವಾರಕ್ಕೇ ಅಮಸಿದ್ದ ಬಂದು ಚಳಿಯಿಂದ ಗಡಗಡ ನಡುಗಿದ. ಕೈಗೆ ಸಿಕ್ಕಿದ್ದನ್ನು ಹೊದಿಸಿದರು. ಈಗ ಇನ್ನೊಂದು ನೇಯೋಣವೆಂದರೆ ಉಣ್ಣೆಯಿಲ್ಲ. ಯುದ್ಧದ ಕಂಟ್ರಾಕ್ಟುದಾರರು ಸಿಪಾಯಿಗಳ ಹೊದಿಕೆಗೆಂದು ಸೀಮೆಯ ಉಣ್ಣೆಯನ್ನೆಲ್ಲ ಸೊಲ್ಲಾಪುರ ರಸ್ತೆಗುಂಟ ಎತ್ತಿಕೊಂಡು ಹೋಗಿದ್ದರು. ಆದರೆ ಅದೊಂದು ಚಿಂತೆಯೆಂದು ಆ ಮನೆಯಲ್ಲಿ ಯಾರಿಗೂ ಅನಿಸಲಿಲ್ಲ. ಕಂಬಳಿಗೆ ಮೈಲಿಗೆಯಿಲ್ಲ. ದೇವರು ಅದರ ಮೇಲೆ ಕೂಡುತ್ತಾನೆ, ಮದುವೆಯ ಗದ್ದಿಗೆಗೆ ಅದೇ ಹಾಸು. ಹೆಣದ ಮನೆಯಿಂದ ಬಂದರೆ ಅರಿವೆ ನೀರು ಕಾಣಬೇಕು, ಕಂಬಳಿ ಕಾಣಬೇಕಿಲ್ಲ. ಕುರುಬರ ಮನೆಗಳಲ್ಲಿ ಇದು ಹಾಲಿನೊಂದಿಗೆ ಬಂದ ತಿಳಿವಳಿಕೆ. ತೊಳೆದರಂತೂ ಗಂಜಿ ಹೋಗಿ ಕಂಬಳಿ ಸಾಯುತ್ತದೆ. ಆದ್ದರಿಂದ ಗೋಡೆಯ ಮೇಲೆ ಹರವಿ, ಭಂಡಾರ ಹಾಕಿ, ಬಿಸಿಲು ತೋರಿಸಿ, ಮಡಚಿ ಇಟ್ಟರು.

ತೊಟ್ಟಿಲಿನ ದಿನ ರೇವಪ್ಪ ಆ ಕಂಬಳಿಯನ್ನು ಹೆಗಲಿಗೇರಿಸಿ ಹೊರಟ. ಟಿಕೋಟಾದಲ್ಲಿ ಬಿಸಿಲೇರಿತು. ಅಲ್ಲಿ ಗುರಲಿಂಗಪ್ಪ ಎಂಬ ವ್ಯಾಪಾರಿಯ ಅಂಗಡಿ. ರೇವಪ್ಪನ ಕಂಬಳಿಗಳು ಮಾರಾಟವಾಗುತ್ತಿದ್ದದ್ದು ಅಲ್ಲಿಯೇ. ನೀರು ಕುಡಿದು ಹೋಗೆಂದು ಕೂರಿಸಿದ ಗುರಲಿಂಗಪ್ಪ ಕಂಬಳಿಯನ್ನು ಬಿಚ್ಚಿ ನೋಡಿ ಬಿಡಲಾರದೆ ಹೋದ.

"ಲೇ ರೇವಪ್ಪಾ, ನಿನ್ನ ಮಾರಿ ಮ್ಯಾಲ ಎಷ್ಟ ಕುಣಿ ಅದಾವ, ಇದರಾಗ ಒಂದೂ ಇಲ್ಲ ನೋಡು. ನಿನ್ನ ಕೈಯ್ಯಾಗ ಹುಟ್ಟಿದ್ದ ಹೌದೋ ಅಲ್ಲೋ?"

"ನನ್ನ ಮಾರಿ ದೇವರು ನೇಯ್ದದ್ದರಿ," ಎಂದ ರೇವಪ್ಪ. "ಇದು ನಾ ನೇಯ್ದದ್ದು."

ಗುರಲಿಂಗಪ್ಪನ ಹೆಂಡತಿ ನೀಲಾಬಾಯಿ ಒಳಗಿನಿಂದ ಬಂದು ಅದನ್ನು ಕೆನ್ನೆಗೆ ಒತ್ತಿಕೊಂಡಳು. ಅವಳ ಎರಡು ಮಕ್ಕಳು ಹಾಸಿದ ಕಂಬಳಿಯ ಮೇಲೆ ಉರುಳಾಡಿ ನಕ್ಕವು. ಕೊಡುವುದಿಲ್ಲವೆಂದು ಹೇಳಿ ಹೇಳಿ, ಕೊನೆಗೆ ಮಕ್ಕಳನ್ನು ಎಬ್ಬಿಸಿ, ರೇವಪ್ಪ ಅದನ್ನು ಮಡಚಿಕೊಂಡ. ಸಂಜೆಗೆ ಬಬಲೇಶ್ವರ. ತವರಿನವರು ಹೆರಿಗೆಗೆ ಕರೆಯಲಿಲ್ಲವೆಂದು ಮುನಿದಿದ್ದ ಬೋರವ್ವ ಕಂಬಳಿಯನ್ನು ಕಂಡು, ಮುಖ ಆಚೆ ಮಾಡಿ ಅತ್ತಳು, ಆಮೇಲೆ ನಕ್ಕಳು. ಹದಿಮೂರು ದಿನದ ಕೂಸನ್ನು ಅದರಲ್ಲಿ ಸುತ್ತಿ ತೊಟ್ಟಿಲಿಗೆ ಹಾಕಿದರು. ರೇವಪ್ಪ ಮಗಳ ಮುಖವನ್ನು ಬಹಳ ಹೊತ್ತು ನೋಡಿದ. ಒಂದು ಕಲೆಯೂ ಇಲ್ಲದ ಮುಖ. ಇದನ್ನು ನಾನು ಕಾಪಾಡಿದೆ ಎಂದುಕೊಂಡ.

ತೊಟ್ಟಿಲಿನ ದಿನದಿಂದ ಹದಿನೇಳನೆಯ ದಿನ ಬೆಳಗಿನಲ್ಲಿ ಸಂಗಣ್ಣ ಬಿಜ್ಜರಗಿಗೆ ಬಂದ. ಸಂಗಣ್ಣ ಲೋಕಲ್ ಬೋರ್ಡಿನ ನೌಕರ. ಹಳ್ಳಿಹಳ್ಳಿ ತಿರುಗಿ ಮಕ್ಕಳ ತೋಳಿಗೆ ದೇವಿ ಹಾಕುವವನು, ಎಂದರೆ ಬೇನೆ ಬರದಂತೆ ಲಸಿಕೆ ಚುಚ್ಚುವವನು. ಅವನ ಸೈಕಲ್ಲಿನ ಗಂಟೆ ಕೇಳಿದರೆ ತಾಯಂದಿರು ಮಕ್ಕಳನ್ನು ಕಣಜದಲ್ಲಿ ಬಚ್ಚಿಡುತ್ತಿದ್ದರು. ಬೋರವ್ವನನ್ನೂ ಹಾಗೆಯೇ ಒಮ್ಮೆ ಉಣ್ಣೆಯ ಹೆಡಿಗೆಯಲ್ಲಿ ಬಚ್ಚಿಟ್ಟಿದ್ದುಂಟು. ಮುದುಕವ್ವ ಅವನನ್ನು ಕಂಡು, ಈ ಮನ್ಯಾಗ ಚುಚ್ಚಾಕ ಎಳೀ ತೋಳು ಉಳದಿಲ್ಲೋ ಯಪ್ಪಾ, ನಮ್ಮ ತೊಗಲಿಗೆ ನಿನ್ನ ಸೂಜಿನ ಮುರೀತೈತಿ ಎಂದು ಹಾಸ್ಯ ಮಾಡಿದಳು. ಸಂಗಣ್ಣ ನಗಲಿಲ್ಲ. ಮೋಟುಗೋಡೆಗೆ ಸೈಕಲ್ ಆನಿಸಿ ಕಟ್ಟೆಯ ಮೇಲೆ ಕೂತ.

ಟಿಕೋಟಾದ ಗುರಲಿಂಗಪ್ಪನ ಎರಡೂ ಮಕ್ಕಳಿಗೆ ದೇವಿ ಎದ್ದಿದೆ ಎಂದು ಅವನು ನಿಧಾನವಾಗಿ ಹೇಳಿದ. ಚಿಕ್ಕದು ಉಳಿಯುವ ಹಾಗಿಲ್ಲ. ಮಕ್ಕಳು ಓಣಿ ಬಿಟ್ಟು ಹೋದವಲ್ಲ. ಸಂತೆಗೆ ಹೋಗಿಲ್ಲ, ಜಾತ್ರೆಗೆ ಹೋಗಿಲ್ಲ. ಮನೆಗೆ ಬಂದುಹೋದವರ ಹೆಸರುಗಳನ್ನು ನೀಲಾಬಾಯಿಯಿಂದ ಒಂದೊಂದಾಗಿ ಕೇಳಿಕೊಂಡು ಬಂದಿದ್ದೇನೆ. ಬೇನೆ ಕಂಡ ಮನೆಯಿಂದ ಬಂದವನು ನೀನೊಬ್ಬನೇ. ಆದರೆ ನಿನಗೆ ಬೇನೆ ಬರುವಂತಿಲ್ಲ. ಹಾಗಾದರೆ ನಿನ್ನ ಜೊತೆಗೆ ಏನು ಬಂತು?

ರೇವಪ್ಪ ಅವಮಾನವಾದವನಂತೆ ಎದ್ದು ನಿಂತ. ತಾನು ಸುಟ್ಟದ್ದು, ಒಡೆದದ್ದು, ಸಾರಿಸಿದ್ದು ಎಲ್ಲವನ್ನೂ ಬೆರಳು ಮಡಚಿ ಹೇಳಿದ. ಒಂದು ನೂಲಿನ ಎಳೆಯನ್ನೂ ಉಳಿಸಿಲ್ಲ ಎಂದ.

"ಹೊಚ್ಚಿಕೊಂಡದ್ದು ಏನ?"

"ಕಂಬಳಿರಿ."

"ಅದನ್ನ ಏನ ಮಾಡ್ದಿ?"

"ಕಂಬಳಿಗಿ ಏನ ಮಾಡೂದೈತ್ರಿ? ಕಂಬಳಿಗಿ ಮೈಲಿಗಿ ಇಲ್ಲಲ್ರಿ."

ಸಂಗಣ್ಣ ತಲೆಯ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ರೇವಪ್ಪ ತಾನೇ ಲೆಕ್ಕ ಹಾಕಿದ. ಟಿಕೋಟಾದ ಮಕ್ಕಳು ಕಂಬಳಿಯ ಮೇಲೆ ಆಡಿದ್ದು ಒಂದು ಗಳಿಗೆ. ತೊಟ್ಟಿಲಿನ ಕೂಸು ಮಲಗಿದ್ದು ಹದಿನೇಳು ದಿನ. ನೇಯುವಾಗ ಒಂದು ಎಳೆ ಕಡಿದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಹಾಗೆ, ಯಾರೂ ಹೇಳುವ ಮೊದಲೇ, ಅವನಿಗೆ ಗೊತ್ತಾಯಿತು. ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದ. ಮುದುಕವ್ವ ಏನೆಂದು ಕೇಳಿದಳು. ಮಗಳನ್ನು ನೋಡಿ ಬರುತ್ತೇನೆ ಎಂದ.

ಸಂಗಣ್ಣ ಸೈಕಲ್ ಹತ್ತಲಿಲ್ಲ. ತಳ್ಳಿಕೊಂಡು ಜೊತೆಗೆ ನಡೆದ. ಇಕ್ಕೆಲಗಳಲ್ಲೂ ಕೊಯ್ಲಾದ ಜೋಳದ ಹೊಲ, ಕೂಳೆ ಮಾತ್ರ ನಿಂತ ಕರಿಯ ಭೂಮಿ. ಬೇನೆ ಹೇಗೆ ಹೋಗುತ್ತದೆಂದು ದಾರಿಯುದ್ದಕ್ಕೂ ರೇವಪ್ಪ ಕೇಳಿದ, ಸಂಗಣ್ಣ ಹೇಳಿದ. ಗುಳ್ಳೆ ಒಣಗಿ ಹೊಪ್ಪಳಿಕೆಯಾಗಿ ಉದುರುತ್ತದೆ, ನವಣೆಯ ಹೊಟ್ಟಿನಷ್ಟು ಹಗುರ. ಅದರೊಳಗೆ ಕಣ್ಣಿಗೆ ಕಾಣದ ವಿಷ ಜೀವ ಹಿಡಿದು ಕೂತಿರುತ್ತದೆ. ನೂಲಿನ ಬಟ್ಟೆಯನ್ನು ನೀವು ಸುಡುತ್ತೀರಿ, ತೊಳೆಯುತ್ತೀರಿ. ಉಣ್ಣೆ ಅದನ್ನು ತನ್ನ ನವಿರಿನಲ್ಲಿ ಅಡಗಿಸಿಕೊಂಡು ಬೆಚ್ಚಗಿಡುತ್ತದೆ, ಕೂಸನ್ನು ಬೆಚ್ಚಗಿಡುವಂತೆಯೇ. ಒಂದು ಬಿಸಿಲಿಗೆ ಅದು ಸಾಯುವುದಿಲ್ಲ. ಯಾವ ಅರಿವೆಯನ್ನೂ ನಂಬದ ನೀವು ಅದೊಂದನ್ನು ನಂಬಿದಿರಿ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬರಿಯ ದಣಿವಿತ್ತು. ಮುಟ್ಟಿದ ಮೂರು ನಾಲ್ಕು ದಿನದೊಳಗೆ ಲಸಿಕೆ ಬಿದ್ದರೆ ಒಮ್ಮೊಮ್ಮೆ ಬೇನೆ ಹಿಂದೆ ಸರಿಯುತ್ತದೆ ಎಂದೂ ಹೇಳಿದ. ಹೇಳಿದ ಮೇಲೆ ಹೇಳಬಾರದಿತ್ತು ಅನಿಸಿ, ಸೈಕಲ್ಲಿನ ಹಿಡಿಕೆಯನ್ನು ಧೋತರದ ಚುಂಗಿನಿಂದ ಸುಮ್ಮನೆ ಒರೆಸತೊಡಗಿದ.

"ಅಮಸಿದ್ದಗ ಇದನ್ನ ಯಾರು ಕೊಟ್ಟರ್ರಿ?" ಎಂದು ರೇವಪ್ಪ ಕೇಳಿದ.

ಬಂದರಿನಲ್ಲಿ ಅವನ ಪಕ್ಕ ಮಲಗುತ್ತಿದ್ದ ಯಾರೋ ಇರಬೇಕು. ಅವನಿಗೆ ಹಡಗಿನಿಂದ ಇಳಿದ ಇನ್ನಾರೋ. ಆ ಇನ್ನಾರಿಗೋ ಹೆಸರು ಕೇಳರಿಯದ ದೇಶದ ಮತ್ತೊಬ್ಬರು. ರೋಗವೂ ಒಂದು ನೇಯ್ಗೆಯೇ, ಹಾಸಿನ ಎಳೆ ಎಲ್ಲಿ ಮೊದಲಾಯಿತೆಂದು ಯಾರೂ ನೋಡಿಲ್ಲ.

"ಬುಡ ಹುಡುಕಾಕ ಹೋದರ ಮುಗಿಯೂದಿಲ್ಲ, ರೇವಪ್ಪ," ಎಂದ ಸಂಗಣ್ಣ. "ಕೊಟ್ಟಾಂವಗೂ ಗೊತ್ತಿರೂದಿಲ್ಲ, ಇಸಗೊಂಡಾಂವಗೂ ಗೊತ್ತಿರೂದಿಲ್ಲ. ಅದಕ್ಕ ಎಲ್ಲಾರೂ ಬದುಕಿ ಉಳದಾರ."

"ನನಗ ಗೊತ್ತಾತಲ್ರಿ."

ಬಬಲೇಶ್ವರದ ಬೇವಿನ ಮರಗಳು ಕಾಣುವವರೆಗೆ ಇಬ್ಬರೂ ನಡೆದರು.

ಅಳಿಯ ಅಮೋಘಿ ಮನೆಯ ಹೊರಗೆ ಕಲ್ಲಿನ ಮೇಲೆ ಕೂತಿದ್ದ. ಮಾವನನ್ನು ಕಂಡು ಎದ್ದ. ಬಗ್ಗಿ ಮಾವನ ಕಾಲಿಗೆ ನೀರು ಹಾಕಿದ. ಕೂಸು ಮೊನ್ನೆ ಹೋಯಿತೆಂದು ಆ ನೀರು ಹಾಕಿದ ರೀತಿಯಲ್ಲೇ ರೇವಪ್ಪನಿಗೆ ತಿಳಿಯಿತು. ಗುಳ್ಳೆ ಪೂರ್ತಿ ಮೇಲೆದ್ದಿರಲಿಲ್ಲ, ಎರಡು ದಿನ ಹಾಲು ಹಿಡಿಯಲಿಲ್ಲ, ಅತ್ತದ್ದೂ ಕಡಿಮೆ. ಇಷ್ಟನ್ನು ಅಮೋಘಿ ನೆಲ ನೋಡುತ್ತ ಹೇಳಿದ. ಬಿಜ್ಜರಗಿಗೆ ಹೇಳಿಕಳಿಸಲು ಮನೆಯಲ್ಲಿ ಕಾಲು ಖಾಲಿ ಇರಲಿಲ್ಲ ಎಂದ. ಬೋರವ್ವನೂ ಮಲಗಿದ್ದಾಳೆ.

ಸಂಗಣ್ಣ ಒಳಗೆ ಹೋಗಿ ಬೋರವ್ವನನ್ನು ಬಾಗಿ ನೋಡಿದ. ಲಸಿಕೆಯ ಡಬ್ಬಿಯ ಮೇಲೆ ಇಟ್ಟ ಕೈಯನ್ನು ತೆಗೆದ. ಅವಳ ಗುಳ್ಳೆಗಳು ಬಿಡಿಬಿಡಿಯಾಗಿ ಎದ್ದಿರಲಿಲ್ಲ. ಒಂದಕ್ಕೊಂದು ಕೂಡಿ, ಒಳಗೇ ಕಪ್ಪಾಗಿದ್ದವು. ಹೊರಗೆ ಬಂದು ರೇವಪ್ಪನ ಹೆಗಲ ಮೇಲೆ ಕೈಯಿಟ್ಟು, ನಾಳೆಯ ಸೂರ್ಯನನ್ನು ಕಂಡರೆ ಹೆಚ್ಚು ಎಂದ. ಎಂಥವರಿಗೂ ಸುಳ್ಳು ಹೇಳಿ ಸಮಾಧಾನಪಡಿಸುತ್ತಿದ್ದ ಮನುಷ್ಯ. ಅವತ್ತು ಅವನಿಗೆ ಸುಳ್ಳು ಸಿಗಲಿಲ್ಲ.

ರೇವಪ್ಪ ಕಂಬಳಿ ಎಲ್ಲಿ ಎಂದು ಕೇಳಿದ.

ಬೀಗಿತಿ ಪರಸವ್ವ, ಅಮೋಘಿಯ ತಾಯಿ, ಬಾಗಿಲಿಗೆ ಹೊಸ ಬೇವು ಸಿಕ್ಕಿಸುತ್ತಿದ್ದಳು. ಅವಳ ಮುಖದ ಮೇಲೂ ಹಳೆಯ ಕುಳಿಗಳಿದ್ದವು. ಕೂಸಿನ ಅರಿವೆಗಳನ್ನೆಲ್ಲ ಸುಟ್ಟೆವು, ತೊಟ್ಟಿಲಿನ ಹಗ್ಗವನ್ನೂ ಬಿಡಲಿಲ್ಲ ಎಂದು ಅವಳು ಸಮಾಧಾನದಿಂದ ಹೇಳಿದಳು. ಆದರೆ ಕಂಬಳಿ ಕಣ್ಣೆದುರಿಗಿದ್ದರೆ ಬೋರವ್ವ ಅದನ್ನು ಎದೆಗೆ ಒತ್ತಿಕೊಂಡು ಬಿಡುತ್ತಲೇ ಇರಲಿಲ್ಲ. ಕೂಸಿನ ಮಣ್ಣಿಗೆಂದು ನನ್ನ ಹಿರಿಯ ಮಗಳು ವಿಜಾಪುರದ ಜೋರಾಪುರ ಪೇಟೆಯಿಂದ ಬಂದಿದ್ದಳು. ಇವತ್ತು ಬೆಳಿಗ್ಗೆ ತಿರುಗಿ ಹೋಗುವಾಗ ಅವಳ ಹೆಗಲಿಗೆ ಹಾಕಿ ಕಳಿಸಿದೆ.

"ಜೋರಾಪುರ ಪ್ಯಾಟ್ಯಾಗ ಅಕೀಗೆ ಮೂರು ಸಣ್ಣ ಮಕ್ಕಳು," ಎಂದಳು ಪರಸವ್ವ. "ಹಾಸಾಕ ಆಗತೈತಿ. ಕಂಬಳಿಗೇನು ಮೈಲಿಗಿ ಐತಿ, ಬೀಗರ?"

ಆ ಮಾತು ಅವನದೇ ಮಾತು. ಅದನ್ನು ಇನ್ನೊಬ್ಬರ ಬಾಯಿಂದ ಕೇಳಿ ರೇವಪ್ಪ ಕಂಬಕ್ಕೆ ಕೈಕೊಟ್ಟು ನಿಂತ.

ಸಂಗಣ್ಣ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಮೆಲ್ಲಗೆ ಮಾತಾಡಿದ. ಈ ಓಣಿಯಲ್ಲಿ ಇನ್ನೂ ಇಪ್ಪತ್ತು ಮಕ್ಕಳಿದ್ದಾರೆ. ಇವತ್ತೇ ಅವರಿಗೆ ಚುಚ್ಚಬೇಕು. ಡಬ್ಬಿಯಲ್ಲಿರುವ ಲಸಿಕೆ ಈ ಬಿಸಿಲಿಗೆ ಆಗಲೇ ಅರ್ಧ ಸತ್ತಿರಬಹುದು, ಒಂದು ಹಗಲು ತಡೆದರೆ ಪೂರ್ತಿ ಸಾಯುತ್ತದೆ. ತಾನು ಹೋದರೂ, ಸರಕಾರದ ಟೊಪ್ಪಿಗೆ ಹಾಕಿದವನ ಕೈಗೆ ಯಾವ ಹೆಂಗಸು ದೇವರ ಹಾಸನ್ನು ಸುಡಲು ಕೊಟ್ಟಾಳು? ನೇಯ್ದವನು ಕೇಳಿದರೆ ಕೊಡಬಹುದು. ಜೋರಾಪುರ ಪೇಟೆ ಗೋಡೆಗೆ ಗೋಡೆ ಹತ್ತಿದ ಪೇಟೆ. ಅಲ್ಲಿ ಒಂದು ಮನೆಯಲ್ಲಿ ಎದ್ದರೆ ಊರಿನಲ್ಲಿ ಎದ್ದಂತೆ. ಇಷ್ಟು ಹೇಳಿ, ಹೋಗೆಂದಾಗಲಿ ಇರೆಂದಾಗಲಿ ಹೇಳದೆ, ಅವನು ಮೊದಲ ಮನೆಯ ಬಾಗಿಲು ಬಡಿಯಲು ಹೋದ.

ರೇವಪ್ಪ ಒಳಗೆ ಬಂದು ಮಗಳ ತಲೆಯ ಹತ್ತಿರ ಕೂತ. ಅವಳ ಕಣ್ಣುಗಳು ಊದಿ ಮುಚ್ಚಿದ್ದವು. ಬೇವಿನ ಸೊಪ್ಪಿನಿಂದ ಗಾಳಿ ಬೀಸಿದ. ಎದ್ದು ಹೋದರೆ ಇವಳನ್ನು ಮತ್ತೆ ಕಾಣುವುದಿಲ್ಲ. ಕೂತರೆ, ಅಲ್ಲಿ ಮೂರು ಮಕ್ಕಳು ಇವತ್ತಿನ ಮಧ್ಯಾಹ್ನದಿಂದ ಆ ಉಣ್ಣೆಯ ಮೇಲೆ ಉರುಳಾಡುತ್ತಿರಬಹುದು. ನಡೆದು ಹೋದರೆ ತಲುಪುವುದೇ ರಾತ್ರಿಗೆ. ತಲುಪುವ ಹೊತ್ತಿಗೆ ಆಗುವುದು ಆಗಿಯೇ ಇರುತ್ತದೆ. ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು, ಮತ್ತು ಕಾಣುವುದರಿಂದ ಏನೂ ಆಗುತ್ತಿರಲಿಲ್ಲ. ಅವನ ಕೈ ಬೀಸುತ್ತಲೇ ಇತ್ತು.

"ಯಪ್ಪಾ," ಎಂದಳು ಬೋರವ್ವ. ಗಂಟಲೊಳಗೂ ಗುಳ್ಳೆಗಳೆದ್ದಿದ್ದರಿಂದ ಮಾತು ಉಜ್ಜಿಕೊಂಡು ಬಂತು. "ಹೊರಗ ಮಾತಾಡಿದ್ದು ಕೇಳಿಸ್ತು. ಆ ಕಂಬಳಿ ಅಮಸಿದ್ದ ಹೊಚ್ಚಿಕೊಂಡಿದ್ದನ?"

ಇಲ್ಲವೆನ್ನಬಹುದಿತ್ತು. ಒಂದು ದಿನದ ಮಟ್ಟಿಗೆ ನಿಲ್ಲಬೇಕಾದ ಸುಳ್ಳು ಅದು; ಅಷ್ಟು ಹೊತ್ತು ಯಾವ ಸುಳ್ಳಾದರೂ ನಿಲ್ಲುತ್ತದೆ.

"ಹೊಚ್ಚಿಕೊಂಡಿದ್ದ, ಯವ್ವಾ. ನಾನಽ ಹೊಚ್ಚಿದ್ದೆ."

ಓಣಿಯಲ್ಲಿ ಎಲ್ಲೋ ಸಂಗಣ್ಣನ ಸೂಜಿಗೆ ಮೊದಲ ಮಗು ಕಿರುಚಿತು, ಯಾರೋ ಅವನನ್ನು ಬಯ್ದರು. ರೇವಪ್ಪ ಕಾದ. ಬಯ್ದರೂ ಆಗುತ್ತಿತ್ತು, ಹೋಗಲಿ ಬಿಡೆಂದರೂ ಆಗುತ್ತಿತ್ತು. ಅವಳು ಎರಡನ್ನೂ ಹೇಳಲಿಲ್ಲ.

"ಮತ್ತ ಇಲ್ಲಿ ಯಾಕ ಕುಂತೀದಿ?" ಎಂದಳು. "ಅಲ್ಲಿ ಮೂರು ಕೂಸ ಅದಾವ."

"ನಿನ್ನ ಬಿಟ್ಟು ಹೆಂಗ ಹೋಗಲೇ ಯವ್ವಾ?"

"ಹೆರಿಗಿಗೆ ಬರಬ್ಯಾಡ ಅಂದಾಗ ಹೆಂಗ ಬಿಟ್ಟಿದ್ದಿ? ಹಂಗ."

ಅದರಲ್ಲಿ ಚುಚ್ಚು ಇತ್ತೋ, ಬರಿಯ ನೆನಪಿತ್ತೋ, ಆ ಊದಿದ ಮುಖದ ಮೇಲೆ ಓದಲು ಆಗಲಿಲ್ಲ. ಅವಳು ಗೋಡೆಯತ್ತ ಮಗ್ಗುಲಾದಳು. ಮಗ್ಗುಲಾಗುವಾಗ ನೋವಿಗೆ ಒಮ್ಮೆ ನರಳಿದಳು. ಅವನು ಕೈಯಲ್ಲಿದ್ದ ಸೊಪ್ಪನ್ನು ಅವಳ ದಿಂಬಿನ ಬದಿಗೆ ಇಟ್ಟ. ಬಾಗಿ, ತಲೆ ಮುಟ್ಟಲು ಹೋದ. ಮುಟ್ಟುವಷ್ಟು ಜಾಗ ಎಲ್ಲಿಯೂ ಉಳಿದಿರಲಿಲ್ಲ. ಕೂದಲಿನ ತುದಿಯನ್ನಷ್ಟೇ ಬೆರಳಿಗೆ ಸುತ್ತಿ ಬಿಟ್ಟ.

ಹೊಸ್ತಿಲು ದಾಟಿದಾಗ ಹೊತ್ತು ಇಳಿದಿತ್ತು. ವಿಜಾಪುರದ ದಾರಿ ಮೂಡಣಕ್ಕೆ ಬರಿದಾಗಿ ಬಿದ್ದಿತ್ತು. ಅದರ ಮೇಲೆ ಬೆಳಗಿನ ಗಾಡಿಯ ಗಾಲಿಯ ಗುರುತು ಇನ್ನೂ ಅಳಿಸಿರಲಿಲ್ಲ. ಅಮೋಘಿ ಕಲ್ಲಿನ ಮೇಲಿಂದ ತಲೆ ಎತ್ತಲಿಲ್ಲ. ದೇವಿ ಇದ್ದ ಮನೆಗೆ ಸಂಜೆಯ ಗಾಳಿ ಹೋಗಬಾರದೆಂದು ಪರಸವ್ವ ಒಳಗಿನಿಂದ ಕದವನ್ನು ಎಳೆದಳು. ರೇವಪ್ಪ ನಾಲ್ಕು ಹೆಜ್ಜೆ ಹೋಗಿರಬೇಕು. ಬೆನ್ನ ಹಿಂದೆ ಬಾಗಿಲು ಮುಚ್ಚಿತು, ಅಗಳಿ ಬಿತ್ತು.